ಬೆಂಕಿಯನ್ನು ಒದ್ದ ಕಾಲು

ನಮ್ಮ ಮಾವ ಬೆಟ್ಟಯ್ಯನವರ ಕೈಯಲ್ಲಿ ಏಟು ತಿಂದವರು ಹಲಗೂರಿನ ಸುತ್ತಮುತ್ತ ಬಹಳ ಜನ ಇದ್ದರು. ನಾನು ಸೊಸೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ ಸಂತೆಯಲ್ಲಿ ಒಬ್ಬ ಮುದುಕ ನನ್ನನ್ನು ತಡೆದು ನಿಲ್ಲಿಸಿದ. ಒಂದು ಪಕ್ಕಕ್ಕೆ ವಾಲಿದ್ದ ತನ್ನ ಮೂಗನ್ನು ಬೆರಳಿನಿಂದ ತೋರಿಸಿ, "ನಿಮ್ಮಾವ ಕೊಟ್ಟಿದ್ದು ಕಣವ್ವ" ಅಂದ. ಹೇಳುವಾಗ ನಗುತ್ತಿದ್ದ. ನಾನು ಕೊತ್ತಂಬರಿ ಕಟ್ಟು ಹಿಡಿದುಕೊಂಡು ನಿಂತುಬಿಟ್ಟೆ. ಮನೆಗೆ ಬಂದು ಅತ್ತೆ ದೇವಿರಮ್ಮನವರಿಗೆ ಹೇಳಿದರೆ ಅವರು ತಲೆಯನ್ನೂ ಎತ್ತಲಿಲ್ಲ. "ಮೂಗೊಂದೇಯಾ? ಅವನ ಪುಣ್ಯ ಬುಡು" ಅಂದರು.

ಸತ್ತವರೆಲ್ಲ ದೇವರಂಥವರು ಎಂದು ಬರೆಯುವುದು ನನಗೆ ಆಗದು. ನಮ್ಮ ಮಾವ ದೇವರಂಥವರಾಗಿರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಕೈ ಬಾಯಿಗಿಂತ ಮುಂಚೆ ಏಳುತ್ತಿತ್ತು. ಆದರೆ ಅವರು ಹೊಡೆದದ್ದೆಲ್ಲ ಒಂದೇ ಕಾರಣಕ್ಕೆ. ಆ ಕಾರಣವನ್ನು ಅತ್ತೆ ರಾಗಿ ಹಸನು ಮಾಡುತ್ತಾ ಎಷ್ಟೋ ಮಧ್ಯಾಹ್ನಗಳಲ್ಲಿ ಬಿಡಿಬಿಡಿಯಾಗಿ ಹೇಳಿದರು. ನಾನು ಸ್ಕೂಲಿನಲ್ಲಿ ಪಾಠ ಹೇಳುವವಳು, ಅದನ್ನು ಹಿಂದುಮುಂದು ಸರಿಮಾಡಿ ಇಲ್ಲಿ ಇಟ್ಟಿದ್ದೇನೆ. ಉಪ್ಪುಖಾರ ಏನಾದರೂ ಹೆಚ್ಚಿದ್ದರೆ ಅದು ಅತ್ತೆಯದು.

ಮೊದಲು ಕೊಂಡದ ವಿಷಯ ಹೇಳಬೇಕು. ಯುಗಾದಿ ಕಳೆದ ಮೇಲೆ ನಮ್ಮೂರಿನ ಅಮ್ಮನ ಗುಡಿಯ ಮುಂದೆ ಉದ್ದಕ್ಕೆ ಗುಂಡಿ ತೆಗೆದು, ಗಾಡಿಗಟ್ಟಲೆ ಸೌದೆ ಒಟ್ಟಿ ಸುಡುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಕೆಂಡ ಹರಡಿ, ಬರಿಗಾಲಲ್ಲಿ ಅದರ ಮೇಲೆ ನಡೆಯುತ್ತಾರೆ. ಮೊದಲ ಹೆಜ್ಜೆ ಇಡುವ ಹಕ್ಕು ನಮ್ಮ ಮನೆಯದು. ಮಾವನ ಅಣ್ಣ ಪುಟ್ಟಮಾದಯ್ಯ ತಲೆಯ ಮೇಲೆ ಅಮ್ಮನ ಕಳಶ ಹೊತ್ತು ಮುಂದೆ ನಡೆದರೆ, ಅವರ ಬೆನ್ನಿಗೆ ಬೆಟ್ಟಯ್ಯ. ಅವರಿಬ್ಬರೂ ದಾಟಿದ ಮೇಲೆ ಉಳಿದ ಊರು. ಮಾವನಿಗೆ ಹೊಲ ಮನೆ ಹೆಂಡತಿ ಎಲ್ಲಕ್ಕಿಂತ ಆ ಎರಡನೆಯ ಹೆಜ್ಜೆಯೇ ದೊಡ್ಡದಾಗಿತ್ತು. ಇದು ಅತ್ತೆಗೆ ಗೊತ್ತಿತ್ತು, ಹೊಟ್ಟೆಯಲ್ಲಿ ಸ್ವಲ್ಪ ಉರಿಯೂ ಇತ್ತು.

ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ ಊರಿನಾಚೆ, ಹೊಳೆಗೆ ಹೋಗುವ ರಸ್ತೆಯ ಪಕ್ಕ, ಒಂದು ಕರೆಂಟ್ ಮನೆ ಎದ್ದಿತು. ದೂರದಿಂದ ತಂತಿಯಲ್ಲಿ ಬಂದ ಕರೆಂಟನ್ನು ಇಳಿಸಿ ಬೇರೆ ಬೇರೆ ಕಡೆಗೆ ಕಳಿಸುವ ಜಾಗ ಅದು. ಬಯಲಲ್ಲಿ ಸಾಲಾಗಿ ದೊಡ್ಡ ದೊಡ್ಡ ಕಬ್ಬಿಣದ ತೊಟ್ಟಿಗಳು, ಅವುಗಳ ಹೊಟ್ಟೆಯ ತುಂಬ ಎಣ್ಣೆ. ಟ್ರಾನ್ಸ್‌ಫಾರ್ಮರ್ ಅನ್ನಲು ನಾಲಿಗೆ ಹೊರಳದೆ ನಮ್ಮವರು ಎಣ್ಣೆಪೆಟ್ಟಿಗೆ ಅಂದರು. ಅಲ್ಲಿಗೆ ಬೆಂಕಿ ಪಾರಕ್ಕೆ, ಎಂದರೆ ಬೆಂಕಿ ಬೀಳದ ಹಾಗೆ ಸುತ್ತಿ ಕಾಯುವ ಕೆಲಸಕ್ಕೆ, ಒಬ್ಬ ಆಳು ಬೇಕಾಗಿದ್ದ. ಇಂಜಿನಿಯರು ಸಂಪತ್ ಕುಮಾರ ಎಂಬುವರು, ಮಂಡ್ಯದ ಅಯ್ಯಂಗಾರರು. ಊರಿನ ಪಟೇಲ ಮುದ್ದಯ್ಯ ನಮ್ಮ ಮಾವನನ್ನು ಅವರ ಮುಂದೆ ತಂದು ನಿಲ್ಲಿಸಿದ.

"ಏನಯ್ಯಾ, ನೀನು ಕೊಂಡ ಹಾಯ್ತೀಯಂತೆ. ಬೆಂಕಿ ಕಂಡ್ರೆ ಭಯ ಇಲ್ವೋ?"

"ಬೆಂಕಿಗೇ ನಮ್ಮನ್ ಕಂಡ್ರೆ ಭಯ, ಬುದ್ಧಿ."

ಇಂಜಿನಿಯರು ನಕ್ಕು ಕೆಲಸ ಕೊಟ್ಟರು. ಕೊಟ್ಟ ದಿನವೇ ಹಿತ್ತಲಲ್ಲಿ ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಆ ಎಣ್ಣೆ ಕಾಯಿಸಿ, ಉರಿಯುವ ಬತ್ತಿ ಎಸೆದು, "ಆರಿಸು ನೋಡೋಣ" ಅಂದರು. ಮಾವ ಪಕ್ಕದಲ್ಲಿದ್ದ ಬಿಂದಿಗೆ ಎತ್ತಿ ನೀರು ಸುರಿದರು. ಕೊಂಡದ ದಂಡೆಯಲ್ಲಿ ಹೊತ್ತಿದ ಸೌದೆಗೆ ನೀರು ಹಾಕಿ ಅಭ್ಯಾಸವಾದ ಕೈ. ನೀರು ಬಿದ್ದದ್ದೇ ತಡ, ಬಾಣಲೆಯಲ್ಲಿದ್ದ ಬೆಂಕಿ ಭುಗ್ಗೆಂದು ಎದ್ದು ಅವರ ಮುಖಕ್ಕೇ ಬಂತು. ಮೀಸೆ ಹೋಯಿತು, ಹುಬ್ಬು ಹೋಯಿತು, ಬಲಗೈಯ ತೊಗಲು ಮೊಣಕೈವರೆಗೆ ಸುಲಿದುಕೊಂಡಿತು. ಕಿರುಚಿಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದಾಗ ಇಂಜಿನಿಯರು ಬಕೆಟ್ಟಿನಿಂದ ಒಣಮರಳನ್ನು ಬಾಣಲೆಗೆ ಎರಚಿದರು. ಬೆಂಕಿ ಉಸಿರು ಕಟ್ಟಿ ಸತ್ತಿತು.

"ಮುಂಚೇನೇ ಏಳ್ಬಾರ್ದಾ ಬುದ್ಧಿ?" ಎಂದು ಮಾವ ಅಳುತ್ತಾ ಕೇಳಿದರಂತೆ.

"ಬಾಯಲ್ಲಿ ಹೇಳಿದ್ರೆ ಮರೀತಿದ್ದೆ. ಈಗ ಸಾಯೋವರೆಗೂ ಮರೆಯಲ್ಲ."

ಆ ಇಂಜಿನಿಯರಿಗೆ ಯಾರಾದರೂ ಎರಡು ಬಿಗಿಯಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಕಲಿಸಲು ಬೇರೆ ದಾರಿ ಇರಲಿಲ್ಲವೇ? ನಾನೂ ಮಕ್ಕಳಿಗೆ ಕಲಿಸುತ್ತೇನೆ, ಯಾರ ಮುಖವನ್ನೂ ಸುಟ್ಟಿಲ್ಲ. ಆದರೆ ಅವರು ಹೇಳಿದ್ದಂತೂ ಹಾಗೆಯೇ ಆಯಿತು. ಕೈಗೆ ಬಾಳೆಲೆ ಸುತ್ತಿಕೊಂಡು ಮನೆಗೆ ಬಂದ ಗಂಡನನ್ನು ನೋಡಿ ಅತ್ತೆ ಮೊದಲು ಅತ್ತರು, ಆಮೇಲೆ ಕಥೆ ಕೇಳಿ ಬೈದರು: "ಬಾಂಡ್ಲೀಲಿ ಎಣ್ಣೆ ಕಾದಿರೋವಾಗ ಒಂದನಿ ನೀರ್ ಬಿದ್ರೆ ಮುಖಕ್ ಆರಲ್ವಾ? ಇದ್ನ ಕಲಿಯಾಕೆ ಮೀಸೆ ಸುಟ್ಕಬೇಕಾಗಿತ್ತಾ? ನನ್ ಕೇಳಿದ್ರೆ ಆಯ್ತಿರ್ನಿಲ್ವಾ?"

ಅಂದಿನಿಂದ ಮಾವ ಬೇರೆ ಮನುಷ್ಯರಾದರು. ಮರಳನ್ನು ಬಿಸಿಲಿಗೆ ಹರಡಿ, ಜರಡಿ ಹಿಡಿದು, ಕೆಂಪು ಬಕೆಟ್ಟುಗಳಿಗೆ ತುಂಬುವುದು. ಎಣ್ಣೆಪೆಟ್ಟಿಗೆಗಳ ಸುತ್ತ ಒಂದು ಹುಲ್ಲುಕಡ್ಡಿ ಒಣಗಲು ಬಿಡದೆ ಕೀಳುವುದು. ಸುತ್ತು ಬರುತ್ತಾ ಮೂಗೆತ್ತಿ ವಾಸನೆ ಹಿಡಿಯುವುದು. ಕಮ್ಮಾರರು ಬಂದು ಕಬ್ಬಿಣ ಕಾಯಿಸಿ ಬೆಸೆದು ಹೋದರೆ ಆ ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತಿರುವುದು. "ಆರಿತು ಅಂತ ಎದ್ದು ಬರಬೇಡ, ತಣ್ಣಗಾಯ್ತು ಅಂತ ಕೈಯಿಟ್ಟು ನೋಡಿ ಬಾ" ಎಂದು ಇಂಜಿನಿಯರು ಹೇಳಿದ್ದನ್ನು ಅವರು ದೇವರ ಅಪ್ಪಣೆಯಂತೆ ಇಟ್ಟುಕೊಂಡರು. ಮನೆಯಲ್ಲಿ ಅತ್ತೆ ಅಡಿಗೆ ಮುಗಿಸಿದ ಮೇಲೂ ಒಲೆಯ ಮುಂದೆ ಬಂದು ಬೂದಿಗೆ ಕೈಯಿಡುತ್ತಿದ್ದರಂತೆ.

ಮತ್ತೆ ಹೊಡೆತ. ಗೇಟಿನ ಒಳಗೆ ಬೀಡಿ ಹಚ್ಚಿದವನಿಗೆ ಮಾತಿಲ್ಲ, ಕೆನ್ನೆಗೇ ಬೀಳುತ್ತಿತ್ತು. ಮಳವಳ್ಳಿಯಿಂದ ಸಾಮಾನು ತಂದ ಗಾಡಿಯವನೊಬ್ಬ ಎಣ್ಣೆಪೆಟ್ಟಿಗೆಗೆ ಒರಗಿ ಬೀಡಿ ಸೇದುತ್ತಿದ್ದನೆಂದು, ಅವನ ಜುಟ್ಟು ಹಿಡಿದು ಮರಳಿನ ಗುಡ್ಡೆಗೆ ಮುಖ ಒತ್ತಿ, ಬಾಯಿಯ ತುಂಬ ಮರಳಾಗುವವರೆಗೆ ಬಿಡಲಿಲ್ಲ. ಅವನು ಉಗಿಯುತ್ತಾ ಎದ್ದು ಮಚ್ಚು ತರಲು ಗಾಡಿಗೆ ಓಡಿದ. ಮಾವ ಮಚ್ಚನ್ನೂ ಕಿತ್ತುಕೊಂಡು, ಅದರ ಹಿಡಿಯಿಂದಲೇ ಅವನ ಬೆನ್ನಿನ ಮೇಲೆ ಬಾರಿಸಿದರು. ಇಂಜಿನಿಯರು ಕಿಟಕಿಯಿಂದ ನೋಡಿದರೂ ಸುಮ್ಮನಿದ್ದರು. ಇಂಥ ಆಳು ಅವರಿಗೆ ಬೇಕಾಗಿತ್ತು.

ಇನ್ನು ಆಲೆಮನೆಯ ದಿನ. ಕರೆಂಟ್ ಮನೆ ಕಟ್ಟುವ ಮುಂಚೆ ಆ ಬಯಲಿನ ನಡುವೆ ಊರಿನಿಂದ ಗದ್ದೆಗೆ ಹೋಗುವ ಕಾಲುದಾರಿ ಇತ್ತು. ಬೇಲಿ ಹಾಕಿದ ಮೇಲೂ ಜನ ಒಂದು ಕಡೆ ತಂತಿ ಸರಿಸಿ ಅಲ್ಲೇ ನುಸುಳುತ್ತಿದ್ದರು. ನಮ್ಮ ಮನೆಯಲ್ಲಿ ಒಂದು ಪದ್ಧತಿ. ವರ್ಷದ ಮೊದಲ ಬೆಲ್ಲಕ್ಕೆ ಆಲೆಮನೆಯ ಒಲೆ ಹೊತ್ತಿಸುವಾಗ ಬೆಂಕಿಕಡ್ಡಿ ಗೀರುವಂತಿಲ್ಲ. ಮನೆಯ ಒಲೆಯಿಂದಲೇ ಕೆಂಡ ಹೋಗಬೇಕು, ಅದನ್ನು ಹಿರಿಸೊಸೆಯೇ ಒಯ್ಯಬೇಕು. ಪುಟ್ಟಮಾದಯ್ಯನವರ ಹೆಂಡತಿ ದೊಡ್ಡತಾಯಮ್ಮ ಮಿಂದು, ಮಡಿಯುಟ್ಟು, ಮಡಕೆಯ ಓಡಿನಲ್ಲಿ ಕೆಂಡ ಇಟ್ಟುಕೊಂಡು, ಸುತ್ತು ದಾರಿ ಯಾಕೆಂದು ಕರೆಂಟ್ ಮನೆಯ ಬೇಲಿ ನುಸುಳಿದರು. ಗಾಳಿ ಬೀಸುತ್ತಿತ್ತು. ಕಿಡಿ ಹಾರುತ್ತಿತ್ತು. ಪಕ್ಕದಲ್ಲೇ ಎಣ್ಣೆಯ ಪೀಪಾಯಿಗಳು ಸಾಲಾಗಿ ನಿಂತಿದ್ದವು.

ಮಾವ ಓಡಿ ಬಂದರು. "ಅತ್ಗೆ, ಇಂದಕ್ಕೋಗು!" ಎಂದು ಕೂಗಿದರು.

"ಮನೆ ಬೆಂಕಿ ಕಣಯ್ಯ ಇದು, ಇಂದಕ್ಕೆ ಒಯ್ಯಂಗಿಲ್ಲ. ಅತ್ತಾಗ್ ಸರ್ಕೋ" ಎಂದು ಅವರು ಹೆಜ್ಜೆ ಮುಂದಿಟ್ಟರು.

ಮಾವ ಕಾಲೆತ್ತಿ ಓಡನ್ನು ಒದ್ದರು. ಓಡು ಹಾರಿ ಕಲ್ಲಿಗೆ ಬಡಿದು ಚೂರಾಯಿತು. ಕೆಂಡವೆಲ್ಲ ಚೆಲ್ಲಿತು. ಚೆಲ್ಲಿದ ಒಂದೊಂದು ಕೆಂಡವನ್ನೂ ಮೆಟ್ಟಿನ ಕಾಲಲ್ಲಿ ಹೊಸಕಿ ಹೊಸಕಿ ಆರಿಸಿದರು. ದೊಡ್ಡತಾಯಮ್ಮನ ಮುಂಗೈ ಸುಟ್ಟು ಬೊಬ್ಬೆಯೆದ್ದಿತ್ತು. ಅವರು ಕೈ ನೋಡಿಕೊಳ್ಳಲಿಲ್ಲ, ಚೂರಾದ ಓಡನ್ನು ನೋಡುತ್ತಾ ನಿಂತುಬಿಟ್ಟರು.

ಅಂದು ಸಂಜೆ ಪುಟ್ಟಮಾದಯ್ಯ ಗಾಣಕ್ಕೆ ಕಟ್ಟಿದ್ದ ಎತ್ತನ್ನು ಹಾಗೇ ಬಿಟ್ಟು, ಕಬ್ಬು ಕಡಿಯುವ ಆಳುಗಳ ಎದುರಿಗೆ ತಮ್ಮನ ಮನೆಯ ಜಗಲಿ ಹತ್ತಿದರು. ಕೈಯಲ್ಲಿ ಬಾರುಕೋಲು. ಮೊದಲ ಏಟಿಗೆ ಮಾವನ ತಲೆಯಿಂದ ರಕ್ತ ಇಳಿದು ಕಣ್ಣಿಗೆ ಬಂತು. ಮಾವ ಕಣ್ಣು ಮುಚ್ಚಿಕೊಂಡೇ ಅಣ್ಣನ ಸೊಂಟ ಹಿಡಿದು ಜಗಲಿಯಿಂದ ಬೀದಿಗೆ ಬೀಳಿಸಿದರು. ಇಬ್ಬರೂ ಸಗಣಿ ಮಣ್ಣಿನಲ್ಲಿ ಉರುಳಾಡಿ, ಕಚ್ಚಿ, ಗುದ್ದಿ, ಒಬ್ಬರ ಕಿವಿ ಇನ್ನೊಬ್ಬರ ಹಲ್ಲಿಗೆ ಸಿಕ್ಕಿ, ಅತ್ತೆ ತೊಳೆಯಲು ಇಟ್ಟಿದ್ದ ಒನಕೆಯನ್ನೇ ತಂದು ಇಬ್ಬರಿಗೂ ಒಂದೊಂದು ಕೊಟ್ಟ ಮೇಲೆ ಬಿಟ್ಟರು. "ನಾನ್ ಒಡೀದೆ ಓಗಿದ್ರೆ ಒಬ್ಬ ಸಾಯ್ತಿದ್ದ ಕಣಮ್ಮ" ಎಂದು ಅತ್ತೆ ಈ ಕಥೆ ಹೇಳುವಾಗಲೆಲ್ಲ ಹೆಮ್ಮೆಯಿಂದ ಸೇರಿಸುತ್ತಿದ್ದರು.

ನ್ಯಾಯ ಅರಳಿಕಟ್ಟೆಯ ಮೇಲೆ ಕೂತಿತು. ಪಟೇಲ ಮುದ್ದಯ್ಯ ಕೇಳಿದ: "ಕಾಲಲ್ಲಿ ಒದ್ದಿದ್ದು ದಿಟವಾ?"

"ದಿಟ."

"ಕೊಂಡ ಹಾಯೋನು ನೀನು. ಬೆಂಕಿ ಅಮ್ಮ ಅಲ್ವೇನ್ಲಾ?"

"ಕೊಂಡದಾಗೂ ಕಾಲಲ್ಲೇ ತುಳಿಯೋದು" ಎಂದು ಮಾವ ವಾದ ಮಾಡಿದರು.

"ತುಳಿಯೋದು ಬ್ಯಾರೆ, ಒದಿಯೋದು ಬ್ಯಾರೆ. ನಿಮ್ಮವ್ವನ್ ತೊಡೆ ಮ್ಯಾಲೆ ಕಾಲಿಟ್ಟು ಆಡಿ ಬೆಳೆದೆ. ಅಂತ ಅವ್ವನ್ ಒದೀತೀಯಾ?"

ಬೆಂಕಿಯನ್ನು ಒದ್ದ ಕಾಲು ಇನ್ನು ಕೊಂಡಕ್ಕೆ ಇಳಿಯಕೂಡದು ಎಂದು ತೀರ್ಮಾನವಾಯಿತು. ಅತ್ತಿಗೆಯ ಕಾಲಿಗೆ ಬಿದ್ದು, ಕರೆಂಟ್ ಮನೆಯ ಕೆಲಸ ಬಿಟ್ಟರೆ ಮುಂದೆ ನೋಡೋಣ ಎಂದೂ ಮುದ್ದಯ್ಯ ಅಂದ. ಅತ್ತಿಗೆಯ ಕಾಲಿಗೆ ಮಾವ ಅಲ್ಲೇ ಬಿದ್ದರು. ಕೆಲಸ ಬಿಡಲಿಲ್ಲ. "ನಾನ್ ಬುಟ್ರೆ ಬೀಡಿ ಸೇದೋನೊಬ್ಬ ಬತ್ತಾನೆ. ಊರೇ ಉರ್ದೋಯ್ತದೆ" ಅಂದರು. ಊರು ನಕ್ಕಿತು.

ಎರಡು ವರ್ಷ ಕೊಂಡದ ದಿನ ಮಾವ ಹಗ್ಗದ ಆಚೆ, ಹೆಂಗಸರು ಮಕ್ಕಳ ನಡುವೆ ನಿಂತರು. ಅಣ್ಣ ಒಂಟಿಯಾಗಿ ದಾಟುವುದನ್ನು ನೋಡಿದರು. ಅಣ್ಣ ತಮ್ಮಂದಿರಿಗೆ ಮಾತಿರಲಿಲ್ಲ. ಮನೆಗೆ ಬಂದು ಉಣ್ಣದೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ ಗಂಡನನ್ನು ಕಂಡು, ಮೊದಲು ಹೊಟ್ಟೆ ಉರಿದುಕೊಂಡಿದ್ದ ಅತ್ತೆಯೇ ಅಮ್ಮನಿಗೆ ಹರಕೆ ಹೊತ್ತರು. ಆ ಎರಡನೆಯ ಹೆಜ್ಜೆ ಮರಳಿ ಸಿಕ್ಕಲಿ, ಈ ಮನುಷ್ಯ ನೆಟ್ಟಗೆ ಉಣ್ಣಲಿ ಎಂದು ಅಷ್ಟೇ.

ನಲವತ್ತಮೂರನೇ ಇಸವಿ. ಯುದ್ಧ ನಡೆಯುತ್ತಿತ್ತು, ಬೆಂಕಿಪೊಟ್ಟಣಕ್ಕೂ ಅಂಗಡಿಯಲ್ಲಿ ಗೋಗರೆಯಬೇಕಾಗಿತ್ತು. ಕೊಂಡದ ಹಿಂದಿನ ದಿನ ಊರವರೆಲ್ಲ ಶಿಂಷಾ ಹೊಳೆಯಲ್ಲಿ ಮಿಂದು ಮೀಸಲು ನೀರು ತರುತ್ತಾರೆ. ಮನೆಗೊಂದು ಬಿಂದಿಗೆ, ಬಾಯಿಗೆ ಹೊಂಬಾಳೆ. ಗುಡಿ ಮುಟ್ಟುವವರೆಗೆ ಆ ಬಿಂದಿಗೆಯನ್ನು ನೆಲಕ್ಕೆ ಇಳಿಸುವಂತಿಲ್ಲ, ಒಂದು ತೊಟ್ಟು ಬೇರೆಯದಕ್ಕೆ ಬಳಸುವಂತಿಲ್ಲ. ಆ ಬೆಳಿಗ್ಗೆ ಮೆರವಣಿಗೆ ತಮಟೆ ಬಡಿದುಕೊಂಡು ಕರೆಂಟ್ ಮನೆಯ ಗೇಟಿನ ಹತ್ತಿರ ಬಂದಿತ್ತು. ಮುಂದೆ ಪುಟ್ಟಮಾದಯ್ಯ, ಅವರ ಪಕ್ಕ ದೊಡ್ಡತಾಯಮ್ಮನ ತಮ್ಮ ಚಿಕ್ಕಬೋರಯ್ಯ. ಹೊಸದಾಗಿ ಮದುವೆಯಾದ ಗಂಡು, ಅಕ್ಕನ ಊರಿನ ಕೊಂಡಕ್ಕೆ ಬಂದಿದ್ದ.

ಒಳಗೆ ಒಂದು ಕೋತಿ ಎಣ್ಣೆಪೆಟ್ಟಿಗೆಯ ಮೇಲೆ ಹತ್ತಿ ಎರಡು ತಂತಿಗಳ ನಡುವೆ ಕೈ ಚಾಚಿತು. ಢಮಾರ್ ಎಂದ ಸದ್ದಿಗೆ ಗೇಟಿನ ಕಂಬವೇ ಅಲುಗಿತಂತೆ. ತಂತಿಗೆ ಕೂರಿಸಿದ್ದ ಪಿಂಗಾಣಿಯ ಚೂರುಗಳು ಸಿಡಿದವು, ಪೆಟ್ಟಿಗೆಯ ಮುಚ್ಚಳ ಬಾಯಿ ಬಿಟ್ಟಿತು, ಎಣ್ಣೆ ಉಕ್ಕಿ ಹೊತ್ತಿಕೊಂಡಿತು. ಒಳಗಿನವರು ಕರೆಂಟನ್ನೇನೋ ಕಡಿದರು, ಆದರೆ ಎಣ್ಣೆ ಉರಿಯಲು ಕರೆಂಟು ಬೇಕಾಗಿಲ್ಲ. ಕಪ್ಪು ಹೊಗೆ ಮುಗಿಲು ಮುಟ್ಟಿತು. ಮಾವ ಸಲಿಕೆ ಹಿಡಿದು ಪೆಟ್ಟಿಗೆಯ ಬುಡಕ್ಕೆ ಮರಳು ಎಸೆಯಲು ಶುರುಮಾಡಿದರು. ಪಕ್ಕದ ಪೆಟ್ಟಿಗೆಗೆ ಬೆಂಕಿ ಹರಿಯದಂತೆ ನಡುವೆ ಮರಳಿನ ಒಡ್ಡು ಕಟ್ಟಬೇಕಾಗಿತ್ತು.

ಗೇಟಿನಲ್ಲಿ ನಿಂತ ಪುಟ್ಟಮಾದಯ್ಯನವರಿಗೆ ಹೊಗೆಯ ನಡುವೆ ಒಂಟಿ ಮನುಷ್ಯ ಕಂಡ. ಎರಡು ವರ್ಷ ತಮ್ಮನ ಹೆಸರು ಹೇಳದಿದ್ದ ಬಾಯಿ ಕೂಗಿತು: "ಅಯ್ಯೋ, ನನ್ ತಮ್ಮ ಅವ್ನೆ ಕಣ್ರೋ ಒಳಗೆ! ಬನ್ರೋ, ನೀರಾಕ್ರೋ!" ಮೀಸಲು ನೀರು ಎಂದು ಯಾರೊಬ್ಬರೂ ಹಿಂದೆಮುಂದೆ ನೋಡಲಿಲ್ಲ. ಅಮ್ಮನಿಗೆ ಇಟ್ಟ ನೀರನ್ನು, ತಾವೇ ಹೊರಗೆ ಹಾಕಿದ್ದ ಮನುಷ್ಯನ ಜೀವಕ್ಕೆ ಸುರಿಯಲು ಅವರು ತಯಾರಾಗಿದ್ದರು. ಬಿಂದಿಗೆ ಹೊತ್ತ ಊರು ಗೇಟು ತಳ್ಳಿಕೊಂಡು ಒಳಗೆ ನುಗ್ಗಿತು.

ಮಾವ ತಿರುಗಿ ನೋಡಿದರು. ಬೆಂಕಿಗಿಂತ ದೊಡ್ಡ ಸಾವು ಬಿಂದಿಗೆಗಳಲ್ಲಿ ಓಡಿ ಬರುತ್ತಿತ್ತು.

"ನೀರಾಕ್ಬ್ಯಾಡಿ! ನೀರಾಕ್ಬ್ಯಾಡ್ರೋ! ಸಾಯ್ತೀರಾ!" ಎಂದು ಗಂಟಲು ಹರಿಯುವಂತೆ ಕೂಗಿದರು. ತಮಟೆಯವರು ಗಾಬರಿಯಲ್ಲಿ ಇನ್ನೂ ಬಡಿಯುತ್ತಲೇ ಇದ್ದರು. ಕೇಳಿಸಿದವರಿಗೂ ಅದು ಹಳೆಯ ಹಗೆಯ ಮಾತಾಗಿ ಕೇಳಿಸಿತು. "ಸಾಯೋ ಕಾಲ್ದಾಗೂ ಕೊಬ್ಬು ನೋಡ್ಲಾ ಇವನ್ದು" ಎಂದು ಒಬ್ಬ ಬೈಯುತ್ತಲೇ ಮುಂದೆ ಓಡಿದ. ಮಾವ ಸಲಿಕೆ ತಿರುಗಿಸಿ ಹಿಡಿದರು. ಮೊದಲು ಬಂದವನ ಬಿಂದಿಗೆಗೆ ಬೀಸಿದರು. ನೀರೂ ಹೊಂಬಾಳೆಯೂ ನೆಲದ ಪಾಲಾದವು. ಎರಡನೆಯವನ ಮುಖಕ್ಕೆ ಸಲಿಕೆಯ ಹಿಡಿ ಬಡಿಯಿತು, ಮೂಗಿನಿಂದ ರಕ್ತ ಚಿಮ್ಮಿತು. ಇನ್ನೊಬ್ಬನ ಭುಜ. ಮತ್ತೊಬ್ಬನ ಪಕ್ಕೆಲುಬು. ಬಿದ್ದವರನ್ನು ತುಳಿದುಕೊಂಡು ಹಿಂದಿನವರು ಬಂದರು, ಅವರಿಗೂ ಬಿತ್ತು. ಹಿತ್ತಾಳೆ ಬಿಂದಿಗೆಗಳು ನೆಗ್ಗಿದವು, ಮಣ್ಣಿನವು ಚೂರಾದವು. ಅಮ್ಮನ ನೀರು ಮಣ್ಣಲ್ಲಿ ಕೆಸರಾಯಿತು. ಜನ ಕಲ್ಲು ತೆಗೆದು ಅವರ ಮೇಲೆ ಎಸೆದರು. ಒಂದು ಕಲ್ಲು ಹಲ್ಲು ಮುರಿಯಿತು. ಮಾವ ರಕ್ತ ಉಗಿದು ಮತ್ತೆ ಬೀಸಿದರು.

ಪುಟ್ಟಮಾದಯ್ಯ ಮಾತ್ರ ನಿಲ್ಲಲಿಲ್ಲ. "ಬೆಟ್ಟ, ಬಾರ್ಲಾ ಈಚ್ಗೆ!" ಎಂದು ಅಳುತ್ತಾ, ಬಿಂದಿಗೆ ಎತ್ತಿಕೊಂಡು ಬೆಂಕಿಯ ಕಡೆ ಓಡುತ್ತಿದ್ದರು. ಮಾವ ಅಣ್ಣನ ಭುಜಕ್ಕೆ ಹೊಡೆದರು. ಬೀಳಲಿಲ್ಲ. ಎರಡನೆಯ ಸಲ ಮೊಣಕಾಲಿನ ಕೆಳಗೆ, ಸಲಿಕೆಯ ಬಾಯಿಂದ, ಕಬ್ಬು ಕಡಿಯುವ ಜೋರಿನಲ್ಲಿ. ಮೂಳೆ ಮುರಿದ ಸದ್ದು ಗೇಟಿನವರೆಗೆ ಕೇಳಿಸಿತಂತೆ. ಅಣ್ಣ ಬಿದ್ದರು. ಅಣ್ಣನಿಗೆ ಆ ಎರಡನೆಯ ಏಟು ಕೊಡುವ ಹೊತ್ತಿಗೆ ಚಿಕ್ಕಬೋರಯ್ಯ ಮಾವನ ಬೆನ್ನ ಹಿಂದಿನಿಂದ ನುಸುಳಿ ದಾಟಿಬಿಟ್ಟ.

ಅವನು ಬಿಂದಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಉರಿಯುವ ಪೆಟ್ಟಿಗೆಯ ಬಾಯಿಗೇ ಸುರಿದ. ಬೆಂಕಿ ಅವನನ್ನು ತಬ್ಬಿಕೊಂಡಿತು. ತಲೆಯಿಂದ ಕಾಲವರೆಗೆ ಹೊತ್ತಿಕೊಂಡು ಅವನು ಗೇಟಿನ ಕಡೆ ಓಡಿ ಬಂದ. ಬಿಂದಿಗೆ ಹಿಡಿದು ನಿಂತಿದ್ದ ಊರು ಚೀರುತ್ತಾ ಚದುರಿತು. ಮಾವ ಅವನನ್ನು ಕೆಡವಿ, ಮೈಮೇಲೆ ಮರಳು ಸುರಿದು, ತಾವೇ ಮೇಲೆ ಬಿದ್ದು ಹೊರಳಿ ಆರಿಸಿದರು. ಅವನು ಬಾಯಿ ಬಿಡುತ್ತಿದ್ದ, ಧ್ವನಿ ಬರುತ್ತಿರಲಿಲ್ಲ. ಆಗ ಮಾತ್ರ ಊರಿಗೆ ಅರ್ಥವಾಯಿತು. ಕೈಯಲ್ಲಿದ್ದ ಬಿಂದಿಗೆಗಳನ್ನು ಜನ ಹಾವನ್ನು ಬಿಡುವಂತೆ ಬಿಟ್ಟರು. ಅವಸರದಲ್ಲಿ ಬುಟ್ಟಿ, ಟವಲು, ಸೀರೆಯ ಸೆರಗು, ಸಿಕ್ಕಿದ್ದರಲ್ಲಿ ಮರಳು ತುಂಬಿ ಎರಚಿದರು. ಒಂದು ಪೆಟ್ಟಿಗೆ ಉರಿದು ಹೋಯಿತು, ಉಳಿದವು ಉಳಿದವು. ಇಂಜಿನಿಯರು ಚಿಕ್ಕಬೋರಯ್ಯನನ್ನು ಲಾರಿಯಲ್ಲಿ ಹಾಕಿಸಿಕೊಂಡು ಆಸ್ಪತ್ರೆಗೆ ಹೊರಟರು. ದೊಡ್ಡತಾಯಮ್ಮ ಲಾರಿಯ ಹಿಂದೆ ಓಡಿ ಬಿದ್ದರು.

ಸಂಜೆ ಗುಡಿಯ ಮುಂದೆ ಸೌದೆಗೆ ಬೆಂಕಿ ಹಾಕಿದರು. ಹಾಕದೆ ಬಿಡುವಂತಿರಲಿಲ್ಲ, ಆದರೆ ಮೊದಲ ಹೆಜ್ಜೆ ಯಾರದು? ಪುಟ್ಟಮಾದಯ್ಯನವರಿಗೆ ಗಂಡುಮಕ್ಕಳಿಲ್ಲ. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಗುಡಿಯ ಜಗಲಿಯ ಮೇಲೆ ಮಲಗಿದ್ದರು. ಈ ವರ್ಷ ಯಾರೂ ಹಾಯುವುದು ಬೇಡ ಎಂದು ಮುದ್ದಯ್ಯ ಹೇಳುತ್ತಿದ್ದಂತೆ ಅವರು, "ನಾನೇ ಹಾಯ್ತೀನಿ" ಅಂದರು.

"ಎಂಗ್ಲಾ ಹಾಯ್ತೀಯ, ಮುರುಕ್ ಕಾಲಲ್ಲಿ?"

"ಬೆಟ್ಟನ್ ಕರೀರಿ. ಅವನ್ ಹೆಗಲ್ ಮ್ಯಾಲ್ ಕೂತ್ಕತೀನಿ."

"ಅವನ್ ಕಾಲು ಇಳಿಯಂಗಿಲ್ಲ ಅಂತ ನ್ಯಾಯ ಆಗದೆ."

"ಇಳಿಯೋನು ನಾನು. ಕುದುರೆ ಮ್ಯಾಲ್ ಬಂದೋನ್ನ ಕುದುರೆ ಏನ್ ತಪ್ ಮಾಡಿತ್ತು ಅಂತ ಕೇಳ್ತೀಯಾ? ಸುಮ್ಕಿರು ಮುದ್ದಣ್ಣ."

ಮುದ್ದಯ್ಯ ಮಾವನಿಗೆ ಹೇಳಿಕಳಿಸಿದ.

ಬೆಳಕು ಹರಿಯುವ ಹೊತ್ತಿಗೆ ಮಾವ ಬಂದರು. ಮುರಿದ ಹಲ್ಲಿನ ಬಾಯಿ ಊದಿಕೊಂಡಿತ್ತು, ಎದೆಯ ತೊಗಲು ಚಿಕ್ಕಬೋರನ ಮೇಲೆ ಬಿದ್ದು ಸುಟ್ಟಿತ್ತು. ಎರಡು ವರ್ಷ ಅಳುತ್ತಾ ಬಯಸಿದ್ದ ಕೊಂಡ ಎದುರಿಗೇ ಕೆಂಪಗೆ ಹರಡಿತ್ತು. ಅಣ್ಣನನ್ನು ಹೆಗಲ ಮೇಲೆ ಕೂರಿಸಿದರು, ಅಣ್ಣನ ತಲೆಯ ಮೇಲೆ ಕಳಶ ಇಟ್ಟರು. ಅಂಚಿಗೆ ಬಂದು ಮಾವ ನಿಂತರು.

"ಅಣ್ಣ, ನನ್ ಕೈಲಾಗಲ್ಲ. ಭಯ ಆಯ್ತದೆ."

"ಬೆಂಕಿಗೇ ನಿನ್ ಕಂಡ್ರೆ ಭಯ ಅಂತಿದ್ದೆ?"

"ಆವಾಗ ಗೊತ್ತಿರ್ನಿಲ್ಲ ಕಣಣ್ಣ."

ಪುಟ್ಟಮಾದಯ್ಯ ಒಂದು ಕೈಯಲ್ಲಿ ಕಳಶ ಹಿಡಿದು, ಇನ್ನೊಂದು ಕೈ ಮುಷ್ಟಿ ಮಾಡಿ ತಮ್ಮನ ನೆತ್ತಿಗೆ ಗುದ್ದಿದರು. "ಇದು ನನ್ ಕಾಲಿಗೆ. ನಡಿ." ಮಾವ ಕೆಂಡಕ್ಕೆ ಇಳಿದರು. ಇನ್ನೊಂದು ಗುದ್ದು ಬಿತ್ತು. "ಇದು ಅಮ್ಮನ್ ನೀರಿಗೆ. ನಡಿ." ಮಾವ ಅಳುತ್ತಾ ನಡೆದರು. ಕೊಂಡದ ನಡುವೆ ಬಂದಾಗ, "ಇದು ಚಿಕ್ಕಬೋರನ್ಗೆ" ಎಂದು ಕೈ ಎತ್ತಿದರು. ಎತ್ತಿದ ಕೈ ಗುದ್ದಲಿಲ್ಲ, ತಮ್ಮನ ಕೂದಲನ್ನು ಬಿಗಿಯಾಗಿ ಹಿಡಿದುಕೊಂಡಿತು. ದಾಟಿದ ಮೇಲೆ ಪುಟ್ಟಮಾದಯ್ಯ, "ಇಳಿಸ್ಲಾ ಕೆಳಗೆ, ನೋಯ್ತದೆ" ಅಂದರು. ಯಾವತ್ತೂ ಸುಡದ ಮಾವನ ಅಂಗಾಲು ಅಂದು ಸುಟ್ಟು ಬೊಬ್ಬೆ ಬಂದಿತ್ತು.

ಊರು ದಾಟಿ ಮುಗಿದು, ಜನ ಮನೆಗೆ ಹೋದರೂ ಮಾವ ಏಳಲಿಲ್ಲ. ಕೊಂಡದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೂದಿಗೆ ಕೈಯಿಟ್ಟು ನೋಡುತ್ತಿದ್ದರು. ತಣ್ಣಗಾಗುವವರೆಗೆ ಬರುವುದಿಲ್ಲ ಅಂದರು. ನಡೆಯಲಾಗದ ಅಣ್ಣನೂ ಪಕ್ಕದಲ್ಲೇ ಕಾಲು ಚಾಚಿ ಮಲಗಿದ್ದರು. ಅತ್ತೆ ಇಬ್ಬರಿಗೂ ಮುದ್ದೆ ತಂದುಕೊಟ್ಟರು. ಮಾವ ಎರಡು ತುತ್ತು ನುಂಗಿದ್ದರು, ಅಷ್ಟರಲ್ಲಿ ಲಾರಿಯವನು ಸುದ್ದಿ ತಂದ. ಚಿಕ್ಕಬೋರಯ್ಯ ಹೋಗಿಬಿಟ್ಟಿದ್ದ.

ದೊಡ್ಡತಾಯಮ್ಮ ತಲೆ ಕೆದರಿಕೊಂಡು ಬಂದರು. ಅವರು ಕಲ್ಲು ಎತ್ತಿ ಹಾಕುತ್ತಾರೆ ಎಂದುಕೊಂಡು ಅತ್ತೆ ನಡುವೆ ಹೋಗಿ ನಿಂತರು. ದೊಡ್ಡತಾಯಮ್ಮ ಅತ್ತೆಯನ್ನು ಪಕ್ಕಕ್ಕೆ ಸರಿಸಿ, ಗಂಡನ ದಬ್ಬೆ ಕಟ್ಟಿದ ಕಾಲನ್ನು ನೋಡಿದರು. ಆಮೇಲೆ ಮೈದುನನ ಮುಂದೆ ಕುಸಿದು ಕೂತು, ಅವರ ಎರಡೂ ಕೈಗಳನ್ನು ಹಿಡಿದು ಅಲುಗಾಡಿಸಿದರು.

"ಊರಿಗೆಲ್ಲ ಒಡ್ದಲ್ಲೋ ಬೆಟ್ಟ. ನನ್ ಗಂಡನ್ ಕಾಲ್ ಮುರ್ದೆ, ಬದುಕ್ಸಿದೆ. ನನ್ ತಮ್ಮನ್ಗೂ ಒಂದೇಟು ಒಡೀಬಾರ್ದಾಗಿತ್ತೇನೋ?"

ಮಾವ ಕೈ ಬಿಡಿಸಿಕೊಳ್ಳಲಿಲ್ಲ. ಕೊಂಡ ತಣ್ಣಗಾಗುವವರೆಗೂ ಇಬ್ಬರೂ ಹಾಗೇ ಕೂತಿದ್ದರು ಎಂದು ಅತ್ತೆ ಹೇಳುತ್ತಿದ್ದರು.